ತರ್ಕದ ತಕ್ಕಡಿಯೂ ದೇವರ ಇರವೂ: ತತ್ತ್ವಜ್ಞಾನಿ ಕಾಂಟನ ಜೀವನ

ದೇವರು ಉಂಟೆಂಬುದನ್ನು ತರ್ಕದಿಂದ ಸಾಧಿಸಿ ತೋರಿಸಲು ಬರುವುದೇ? ಈ ಪ್ರಶ್ನೆಯು ಕೇವಲ ಪಂಡಿತರ ಸಭೆಯಲ್ಲಿ ಹುಟ್ಟುವಂಥದಲ್ಲ. ಬೆಳಗಿನ ಪೂಜೆಯನ್ನು ಮುಗಿಸಿ ಎದ್ದ ತಂದೆಯನ್ನು ಕಾಲೇಜಿನಲ್ಲಿ ಓದುವ ಮಗನು ತಡೆದು, ತಾವು ಪೂಜಿಸುವ ದೇವರು ಇದ್ದಾನೆಂಬುದಕ್ಕೆ ಪ್ರಮಾಣವೇನು ಎಂದು ಕೇಳುವುದುಂಟು. ತಂದೆಗೆ ಆ ಕ್ಷಣದಲ್ಲಿ ಉತ್ತರ ತೋಚದೆ ಹೋಗಬಹುದು. ಉತ್ತರ ತೋಚದ ಮಾತ್ರಕ್ಕೆ ಆತನ ಭಕ್ತಿಯು ಹುಸಿಯಾಯಿತೇ? ಪ್ರಶ್ನೆ ಕೇಳಿದ ಮಾತ್ರಕ್ಕೆ ಮಗನು ದಾರಿತಪ್ಪಿದವನಾದನೇ? ಈ ಎರಡು ಸಂದೇಹಗಳ ಸಮಾಧಾನಕ್ಕಾಗಿ ತನ್ನ ಬುದ್ಧಿಶಕ್ತಿಯನ್ನೆಲ್ಲ ಧಾರೆಯೆರೆದ ಒಬ್ಬ ಮಹಾಪುರುಷನ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಆತನ ಹೆಸರು ಇಮ್ಯಾನುಯೆಲ್ ಕಾಂಟ್. ಜರ್ಮನ್ ಭಾಷೆಯಲ್ಲಿ ಗ್ರಂಥರಚನೆ ಮಾಡಿದ ತತ್ತ್ವಜ್ಞಾನಿಗಳಲ್ಲಿ ಆತನು ಅಗ್ರಗಣ್ಯನು. ಸುಮಾರು ನಾಲ್ವತ್ತು ವರ್ಷಗಳ ಕಾಲ ವಿದ್ಯಾರ್ಥಿಗಳಿಗೆ ತರ್ಕಶಾಸ್ತ್ರವನ್ನು ಬೋಧಿಸಿ, ಅದನ್ನೇ ತನ್ನ ಜೀವನದ ವೃತ್ತಿಯನ್ನಾಗಿ ಮಾಡಿಕೊಂಡವನು. ಅಂಥವನೇ, ದೇವರ ಇರವು ತರ್ಕದ ಯಾವ ವರ್ಗದಲ್ಲಿಯೂ ಅಡಗುವಂಥದಲ್ಲವೆಂದು ತೀರ್ಮಾನಿಸಿದನು. ತರ್ಕವನ್ನರಿಯದವನು ತರ್ಕವನ್ನು ಹಳಿದರೆ ಆ ಮಾತಿಗೆ ಬೆಲೆಯಿಲ್ಲ. ತರ್ಕದ ಆಳ ಅಗಲಗಳನ್ನೆಲ್ಲ ಅಳೆದವನು ಅದರ ಎಲ್ಲೆಯನ್ನು ತೋರಿಸಿದರೆ ನಾವು ನಿಂತು ಲಾಲಿಸಬೇಕಾಗುತ್ತದೆ.

ಕಾಂಟನು 1724ನೆಯ ಇಸವಿ ಏಪ್ರಿಲ್ 22ರಂದು ಪ್ರಷ್ಯ ದೇಶದ ಪೂರ್ವಭಾಗದಲ್ಲಿ, ಬಾಲ್ಟಿಕ್ ಸಮುದ್ರಕ್ಕೆ ಸಮೀಪವಾಗಿದ್ದ ಕ್ಯೋನಿಗ್ಸ್‌ಬರ್ಗ್ ಎಂಬ ಪಟ್ಟಣದಲ್ಲಿ ಜನಿಸಿದನು. ತಂದೆ ಯೋಹಾನ್ ಗಿಯೋರ್ಗ್ ಕಾಂಟನು ಕುದುರೆಗಳಿಗೆ ಬೇಕಾದ ಚರ್ಮದ ಪಟ್ಟಿ, ಲಗಾಮುಗಳನ್ನು ಹೊಲಿಯುವ ಕಾಯಕದವನು. ಸಂಸಾರ ದೊಡ್ಡದು, ವರಮಾನ ಸಣ್ಣದು. ಒಮ್ಮೆ ಆ ಊರಿನಲ್ಲಿ ಲಗಾಮು ಹೊಲಿಯುವವರಿಗೂ ಜೀನು ಹೊಲಿಯುವವರಿಗೂ ಕಸುಬಿನ ಹಕ್ಕಿನ ವಿಷಯದಲ್ಲಿ ದೊಡ್ಡ ವಿವಾದವೆದ್ದಿತು. ಅದರಿಂದ ಕಾಂಟನ ತಂದೆಗೆ ಬಹಳ ನಷ್ಟವಾಯಿತು. ಹಾಗಿದ್ದರೂ ಮನೆಯಲ್ಲಿ ಎದುರುಪಕ್ಷದವರ ವಿಷಯ ಬಂದಾಗ ತಂದೆತಾಯಿಗಳು ದ್ವೇಷದ ಒಂದು ಮಾತನ್ನೂ ಆಡದೆ, ಅವರ ಕಡೆಯ ನ್ಯಾಯವನ್ನೂ ಎಣಿಸಿ ಮಾತನಾಡುತ್ತಿದ್ದರು. ಬಾಲಕನು ಇದನ್ನು ಕೇಳಿದನು. ಮುಪ್ಪಿನ ಕಾಲದಲ್ಲಿಯೂ ಆತನು ಇದನ್ನು ಮರೆತಿರಲಿಲ್ಲ.

ತಾಯಿ ಆನಾ ರೆಗೀನಳು ದೈವಭಕ್ತೆ. ಲೂಥರನ ಸಂಪ್ರದಾಯದಲ್ಲಿಯೇ ಹುಟ್ಟಿ, ಬಾಹ್ಯ ವಿಧಿಗಳಿಗಿಂತ ಹೃದಯಶುದ್ಧಿಗೆ ಹೆಚ್ಚು ಬೆಲೆ ಕೊಟ್ಟ ಪಂಥವೊಂದಕ್ಕೆ ಈ ದಂಪತಿಗಳು ಸೇರಿದ್ದರು. ಆಕೆಯು ಮಗನನ್ನು ಊರ ಹೊರಕ್ಕೆ ಕರೆದೊಯ್ದು ಗಿಡಮೂಲಿಕೆಗಳನ್ನು ಪರಿಚಯ ಮಾಡಿಕೊಡುವಳು. ಆಕಾಶದ ರಚನೆಯನ್ನು ತನಗೆ ತಿಳಿದಷ್ಟು ವಿವರಿಸುವಳು. ತನ್ನ ಮನಸ್ಸಿನಲ್ಲಿ ಸದ್ಗುಣದ ಮೊದಲ ಬೀಜವನ್ನು ಬಿತ್ತಿದವಳು ತಾಯಿಯೇ ಎಂದು ಕಾಂಟನು ಕೊನೆಯವರೆಗೆ ಕೃತಜ್ಞತೆಯಿಂದ ನೆನೆಯುತ್ತಿದ್ದನು. ರೋಗಿಯಾಗಿದ್ದ ಗೆಳತಿಯೊಬ್ಬಳ ಶುಶ್ರೂಷೆ ಮಾಡಹೋಗಿ ತಾನೇ ರೋಗಕ್ಕೆ ತುತ್ತಾಗಿ ಆ ಸಾಧ್ವಿಯು 1737ರಲ್ಲಿ ತೀರಿಕೊಂಡಳೆಂದು ಚರಿತ್ರಕಾರರು ಹೇಳುತ್ತಾರೆ. ಆಗ ಕಾಂಟನಿಗೆ 13 ವರ್ಷ. ದೇವರನ್ನು ಯುಕ್ತಿಯಿಂದ ಸಾಧಿಸುವ ಶಾಸ್ತ್ರವು ಆ ತಾಯಿಗೆ ತಿಳಿದಿರಲಿಲ್ಲ. ಆದರೆ ಆಕೆಯ ನಡೆಯಲ್ಲಿ ಕೊರತೆಯಿರಲಿಲ್ಲ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದು ಉಪಯೋಗಕ್ಕೆ ಬರುತ್ತದೆ.

ಆ ಮನೆತನಕ್ಕೆ ಆಪ್ತನಾಗಿದ್ದ ಶುಲ್ಟ್ಸ್ ಎಂಬ ಧರ್ಮಗುರುವು ಹುಡುಗನ ಬುದ್ಧಿಯನ್ನು ಕಂಡು ಪಾಠಶಾಲೆಗೆ ಸೇರಿಸಲು ನೆರವಾದನು. 1732ರಿಂದ 1740ರವರೆಗೆ ಕಾಂಟನು ಅಲ್ಲಿ ಕಲಿತನು. ಲ್ಯಾಟಿನ್ ಭಾಷೆಯಲ್ಲಿ ಆತನಿಗೆ ಒಳ್ಳೆಯ ಪರಿಶ್ರಮವಾಯಿತು. ಆದರೆ ಆ ಶಾಲೆಯಲ್ಲಿ ಪ್ರಾರ್ಥನೆಯೂ ಪಶ್ಚಾತ್ತಾಪವೂ ಗಂಟೆ ಬಾರಿಸಿದೊಡನೆ ಬರಬೇಕಾದ ಕಟ್ಟಳೆಗಳಾಗಿದ್ದವು. ಮನೆಯಲ್ಲಿ ಕಂಡ ಸಹಜಭಕ್ತಿಗೂ ಶಾಲೆಯಲ್ಲಿ ಕಂಡ ಬಲವಂತದ ಭಕ್ತಿಗೂ ಇರುವ ಅಂತರವು ಆ ಎಳೆಯ ಮನಸ್ಸಿನಲ್ಲಿ ಆಳವಾಗಿ ನಾಟಿತು. ದೊಡ್ಡವನಾದ ಮೇಲೆ ಆತನು ದೇವಮಂದಿರದ ಸಾಮೂಹಿಕ ಪ್ರಾರ್ಥನೆಗಳಿಗೆ ಹೋಗುವುದನ್ನು ಬಿಟ್ಟನು. ಇದಕ್ಕೆ ಆ ಶಾಲೆಯ ನೆನಪೂ ಒಂದು ಕಾರಣವಾಗಿದ್ದಿರಬೇಕು.

1740ರಲ್ಲಿ ಆತನು ಆ ಊರಿನ ವಿಶ್ವವಿದ್ಯಾಲಯವನ್ನು ಸೇರಿದನು. ಅಲ್ಲಿ ಮಾರ್ಟಿನ್ ಕ್ನೂಟ್ಸೆನ್ ಎಂಬ ಅಧ್ಯಾಪಕನಿಂದ ನ್ಯೂಟನ್ನನ ಭೌತಶಾಸ್ತ್ರದ ಪರಿಚಯವಾಯಿತು. 1746ರಲ್ಲಿ ತಂದೆಯೂ ತೀರಿಕೊಂಡನು. ಆ ಮೇಲೆ ಹಲವು ವರ್ಷಗಳ ಕಾಲ ಕಾಂಟನು ಸುತ್ತಲಿನ ಪ್ರಾಂತದ ಅನುಕೂಲಸ್ಥರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆದನು. ಮತ್ತೆ ಊರಿಗೆ ಬಂದು 1755ರಲ್ಲಿ ಪದವಿಯನ್ನು ಪಡೆದು, ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಮಾಡುವ ಅಧಿಕಾರವನ್ನು ಸಂಪಾದಿಸಿದನು. ಅಧಿಕಾರವೇನೋ ದೊರೆಯಿತು, ಸಂಬಳ ಮಾತ್ರ ಇರಲಿಲ್ಲ. ವಿದ್ಯಾರ್ಥಿಗಳು ಕೊಡುವ ಶುಲ್ಕವೇ ಆತನಿಗೆ ಆಧಾರ. ತರ್ಕ, ತತ್ತ್ವಶಾಸ್ತ್ರ, ಗಣಿತ, ನೀತಿ, ಭೂವಿವರಣೆ ಇವೆಲ್ಲವನ್ನೂ ಬೋಧಿಸುತ್ತ 15 ವರ್ಷ ಹೀಗೆಯೇ ಕಳೆದನು.

ಅದೇ 1755ರಲ್ಲಿ ಆತನು ಆಕಾಶಗೋಲಗಳ ಉತ್ಪತ್ತಿಯನ್ನು ಕುರಿತು ಒಂದು ಗ್ರಂಥವನ್ನು ಬರೆದನು. ಸೂರ್ಯನೂ ಗ್ರಹಗಳೂ ಚದುರಿದ್ದ ಮೂಲದ್ರವ್ಯವು ಪ್ರಕೃತಿನಿಯಮಕ್ಕನುಸಾರವಾಗಿ ಒಂದುಗೂಡಿ ಆದವುಗಳೆಂಬ ಊಹೆಯನ್ನು ಅದರಲ್ಲಿ ಮಂಡಿಸಿದನು. ಪ್ರಕೃತಿನಿಯಮವನ್ನು ಒಪ್ಪಿದರೆ ದೇವರನ್ನು ಬಿಟ್ಟಂತಾಗುವುದೆಂದು ಆಗ ಅನೇಕರು ಹೆದರುತ್ತಿದ್ದರು. ಕಾಂಟನು ಹೆದರಲಿಲ್ಲ. ಜಡದ್ರವ್ಯವೂ ಇಂಥ ಸುಂದರವಾದ ನಿಯಮಕ್ಕೆ ಅಧೀನವಾಗಿರುವುದೇ ಈಶ್ವರನ ಮಹಿಮೆಗೆ ಸಾಕ್ಷಿಯೆಂದು ಅಂದು ಆತನು ನಂಬಿದ್ದನು. ಆ ವರ್ಷದ ನವೆಂಬರ್ 1ರಂದು ಪೋರ್ಚುಗಲ್ಲಿನ ಲಿಸ್ಬನ್ ನಗರವು ಭೂಕಂಪದಿಂದ ಹಾಳಾಯಿತು. ಸಾವಿರಾರು ಜನರು ಸತ್ತರು. ಅದು ಕ್ರೈಸ್ತರ ಪವಿತ್ರವಾದ ಹಬ್ಬದ ದಿನ; ಪ್ರಾರ್ಥನೆಗೆ ಕೂಡಿದ್ದವರ ಮೇಲೆಯೇ ಮಂದಿರಗಳು ಕುಸಿದುಬಿದ್ದವು. ಇದು ದೇವರ ಕೋಪವೆಂದು ಕೆಲವರು ಬೋಧಿಸಿದರು. ಕಾಂಟನು 1756ರಲ್ಲಿ ಮೂರು ಲೇಖನಗಳನ್ನು ಬರೆದು, ಭೂಕಂಪಕ್ಕೆ ಭೂಮಿಯೊಳಗಿನ ಕಾರಣಗಳನ್ನು ಹುಡುಕಬೇಕೆಂದೂ, ನೊಂದವರನ್ನು ಪಾಪಿಗಳೆಂದು ತೀರ್ಮಾನಿಸುವುದು ಮನುಷ್ಯರ ಅಹಂಕಾರವೆಂದೂ ತಿಳಿಸಿದನು.

ಆತನ ದಿನಚರಿಯು ಲೋಕಪ್ರಸಿದ್ಧವಾದುದು. ಬೆಳಗಿನ 5 ಗಂಟೆಗೆ ಏಳುವುದು, ಚಹಾ ಕುಡಿದು ಪಾಠಗಳನ್ನು ಸಿದ್ಧಪಡಿಸುವುದು, ಉಪನ್ಯಾಸ ಮಾಡುವುದು, ಮಧ್ಯಾಹ್ನ ಸ್ನೇಹಿತರೊಡನೆ ಊಟ, ಆಮೇಲೆ ನಿಯತವಾದ ಹೊತ್ತಿಗೆ ತಿರುಗಾಟ. ಆತನು ಹೊರಟುದನ್ನು ಕಂಡು ನೆರೆಹೊರೆಯವರು ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದರೆಂಬ ಕಥೆಯುಂಟು. ಒಮ್ಮೆ ಮಾತ್ರ ರೂಸೋ ಎಂಬ ಗ್ರಂಥಕಾರನ ಪುಸ್ತಕದಲ್ಲಿ ಮಗ್ನನಾಗಿ ಆ ತಿರುಗಾಟವನ್ನೇ ಮರೆತನಂತೆ. ಕಥೆ ಹೇಗೇ ಇರಲಿ, ರೂಸೋನಿಂದ ತಾನು ಕಲಿತ ಪಾಠವೇನೆಂಬುದನ್ನು ಕಾಂಟನೇ ಬರೆದಿಟ್ಟಿದ್ದಾನೆ. ಅದುವರೆಗೆ ಆತನು ವಿದ್ಯೆಯೇ ಮನುಷ್ಯನ ಹಿರಿಮೆಯೆಂದು ಭಾವಿಸಿ, ಓದುಬರಹವಿಲ್ಲದ ಸಾಮಾನ್ಯರನ್ನು ಕೀಳಾಗಿ ಕಾಣುತ್ತಿದ್ದನು. ಆ ಗರ್ವವು ರೂಸೋನನ್ನು ಓದಿದ ಮೇಲೆ ಮುರಿಯಿತು. ಲಗಾಮು ಹೊಲಿಯುವವನ ಮಗನು ತನ್ನ ತಂದೆತಾಯಿಗಳ ಯೋಗ್ಯತೆಯನ್ನು ಮತ್ತೊಮ್ಮೆ ಅರಿತುಕೊಂಡನೆಂದರೂ ಸಲ್ಲುವುದು.

1763ರ ಇಸವಿಯನ್ನು ಹೊತ್ತು ಹೊರಬಂದ ಒಂದು ಗ್ರಂಥದಲ್ಲಿ ಕಾಂಟನು ದೇವರ ಇರವನ್ನು ಸಾಧಿಸಲು ತಾನೇ ಪ್ರಯತ್ನಪಟ್ಟನು. ಯಾವುದೊಂದು ಸಂಗತಿಯು ಸಾಧ್ಯವೆನ್ನಬೇಕಾದರೂ ಆ ಸಾಧ್ಯತೆಗೆ ಆಧಾರವಾಗಿ ನಿಜವಾಗಿರುವ ಒಂದು ವಸ್ತು ಇರಲೇಬೇಕೆಂಬುದು ಆತನ ಯುಕ್ತಿಯ ತಿರುಳು. ಆದರೆ ಆ ಗ್ರಂಥದ ಕೊನೆಯಲ್ಲಿ ಆತನು ಮುಖ್ಯವಾದ ಮಾತೊಂದನ್ನು ಸೇರಿಸಿದನು. ದೇವರಿದ್ದಾನೆಂಬ ದೃಢನಿಶ್ಚಯವು ಮನುಷ್ಯನಿಗೆ ಅವಶ್ಯಕ. ಅದನ್ನು ಯುಕ್ತಿಯಿಂದ ಸಾಧಿಸಿ ತೋರಿಸುವುದು ಅಷ್ಟೇನೂ ಅವಶ್ಯಕವಲ್ಲವೆಂಬುದು ಅದರ ಅಭಿಪ್ರಾಯ. ಸಾಧನೆಗೆಂದೇ ಬರೆದ ಗ್ರಂಥದಲ್ಲಿ ಸಾಧನೆಯು ಅನಿವಾರ್ಯವಲ್ಲವೆಂದು ಒಪ್ಪಿಕೊಂಡ ಆ ಪ್ರಾಮಾಣಿಕತೆಯು ಮುಂದಿನ ದೊಡ್ಡ ವಿಚಾರಕ್ಕೆ ನಾಂದಿಯಾಯಿತು.

1770ರಲ್ಲಿ, ತನ್ನ 46ನೆಯ ವಯಸ್ಸಿನಲ್ಲಿ, ಕಾಂಟನು ತರ್ಕ ಮತ್ತು ತತ್ತ್ವಶಾಸ್ತ್ರದ ಪ್ರಾಧ್ಯಾಪಕನಾಗಿ ನೇಮಕಗೊಂಡನು. ಹೆಚ್ಚಿನ ಸಂಬಳದ ಆಸೆ ತೋರಿಸಿ ಬೇರೆ ವಿಶ್ವವಿದ್ಯಾಲಯಗಳು ಕರೆದರೂ ಊರು ಬಿಡಲಿಲ್ಲ. ಆ ಬಳಿಕ ಹತ್ತು ವರ್ಷಗಳ ಕಾಲ ಆತನ ಲೇಖನಿಯಿಂದ ಹೇಳಿಕೊಳ್ಳುವಂಥ ಗ್ರಂಥವೇನೂ ಹೊರಬೀಳಲಿಲ್ಲ. ಕಾಂಟನ ಬುದ್ಧಿಯು ಬತ್ತಿತೆಂದು ಕೆಲವರು ತಿಳಿದಿರಬಹುದು. ಒಳಗೆ ನಡೆದಿದ್ದ ಮಂಥನವು ಯಾರಿಗೂ ಕಾಣುತ್ತಿರಲಿಲ್ಲ. ಮನುಷ್ಯನ ಬುದ್ಧಿಯು ಯಾವುದನ್ನು ತಿಳಿಯಬಲ್ಲದು, ಯಾವುದನ್ನು ತಿಳಿಯಲಾರದು, ಅದರ ಗಡಿಯೆಲ್ಲಿ ಎಂಬುದೇ ಆ ಮಂಥನದ ವಿಷಯ. ಕೊನೆಗೆ ಕೆಲವೇ ತಿಂಗಳುಗಳಲ್ಲಿ ಬರೆದು ಮುಗಿಸಿದ ಮಹಾಗ್ರಂಥವು 1781ರಲ್ಲಿ ಪ್ರಕಟವಾಯಿತು. ಅದರ ಹೆಸರನ್ನು ಶುದ್ಧಬುದ್ಧಿಯ ವಿಮರ್ಶೆ ಎಂದು ಕನ್ನಡದಲ್ಲಿ ಹೇಳಬಹುದು. ಆಗ ಆತನಿಗೆ 57 ವರ್ಷ.

ಈ ಗ್ರಂಥದ ಸಾರವನ್ನು ನಮ್ಮ ವಿಷಯಕ್ಕೆ ಬೇಕಾದಷ್ಟು ಮಾತ್ರ ಸರಳವಾಗಿ ಹೇಳೋಣ. ನಾವು ಲೋಕವನ್ನು ತಿಳಿಯುವಾಗ ನಮ್ಮ ಬುದ್ಧಿಯು ಸುಮ್ಮನೆ ಕುಳಿತಿರುವುದಿಲ್ಲ. ಇಂದ್ರಿಯಗಳು ತಂದುಕೊಟ್ಟುದನ್ನೆಲ್ಲ ಅದು ತನ್ನ ಕೆಲವು ಅಚ್ಚುಗಳಲ್ಲಿ ಹಾಕಿ ವಿಂಗಡಿಸುತ್ತದೆ. ಒಂದೇ ಅಥವಾ ಹಲವೇ, ಉಂಟೇ ಅಥವಾ ಇಲ್ಲವೇ, ಇದಕ್ಕೆ ಕಾರಣವೇನು, ಇದು ಸಾಧ್ಯವೇ ಅಥವಾ ಅನಿವಾರ್ಯವೇ ಎಂಬ ಬಗೆಯ ಅಚ್ಚುಗಳವು. ಪರಿಮಾಣ, ಗುಣ, ಸಂಬಂಧ, ಪ್ರಕಾರ ಎಂಬ ನಾಲ್ಕು ಗುಂಪುಗಳಲ್ಲಿ ಮೂರು ಮೂರರಂತೆ ಒಟ್ಟು 12 ವರ್ಗಗಳನ್ನು ಕಾಂಟನು ಎಣಿಸಿದನು. ಇರವು ಎಂಬುದೂ ಆ 12ರಲ್ಲಿ ಒಂದು. ಆದರೆ ಈ ವರ್ಗಗಳಿಂದ ಜ್ಞಾನ ದೊರೆಯಬೇಕಾದರೆ ದೇಶಕಾಲಗಳಲ್ಲಿ ತೋರುವ ವಸ್ತು ಅವುಗಳಿಗೆ ಸಿಕ್ಕಬೇಕು. ಸೇರಿನಿಂದ ಅಕ್ಕಿಯನ್ನು ಅಳೆಯಬಹುದು, ಬಿಸಿಲನ್ನು ಅಳೆಯಲಾಗದು. ಸೇರಿಗೆ ಸಿಕ್ಕಲಿಲ್ಲವೆಂದು ಬಿಸಿಲೇ ಇಲ್ಲವೆನ್ನುವುದು ಎಷ್ಟು ತಪ್ಪೋ, ಸೇರಿನಿಂದ ಬಿಸಿಲನ್ನು ಅಳೆದೆನೆನ್ನುವುದೂ ಅಷ್ಟೇ ತಪ್ಪು. ದೇಶಕಾಲಗಳಿಗೆ ಮೀರಿದ ದೇವರನ್ನು ಈ ವರ್ಗಗಳಲ್ಲಿ ಹಿಡಿಯಹೋಗುವುದು ಇಂಥ ಅಳತೆಯೇ ಆಗುವುದು.

ದೇವರನ್ನು ಸಾಧಿಸಲು ಪಾಶ್ಚಾತ್ಯ ಪಂಡಿತರು ಹೂಡಿದ್ದ ಯುಕ್ತಿಗಳನ್ನು ಕಾಂಟನು ಮೂರಾಗಿ ವಿಂಗಡಿಸಿದನು. ಮೊದಲನೆಯದು 11ನೆಯ ಶತಮಾನದ ಅನ್ಸೆಲ್ಮ್ ಎಂಬ ಕ್ರೈಸ್ತ ಸಂನ್ಯಾಸಿಯಿಂದ ಬಂದುದು; 17ನೆಯ ಶತಮಾನದಲ್ಲಿ ಡೇಕಾರ್ಟನು ಅದನ್ನು ಬೇರೆ ರೀತಿಯಲ್ಲಿ ಮಂಡಿಸಿದನು. ದೇವರೆಂದರೆ ಸರ್ವಪರಿಪೂರ್ಣನು, ಇಲ್ಲದಿರುವುದು ಒಂದು ಕೊರತೆ, ಆದುದರಿಂದ ಪರಿಪೂರ್ಣನಾದವನು ಇರಲೇಬೇಕು ಎಂಬುದು ಅದರ ಸ್ವರೂಪ. ಕೇಳಲು ಸೊಗಸಾಗಿದೆ. ಆದರೆ ಇರವು ಒಂದು ಗುಣವೇ ಎಂದು ಕಾಂಟನು ಕೇಳಿದನು. ಸಂತೆಗೆ ಹೋಗುವವನಿಗೆ ನಮಗೆ ಬೇಕಾದ ಹಸುವಿನ ಲಕ್ಷಣಗಳನ್ನು ಹೇಳಿ ಕಳುಹಿಸುತ್ತೇವೆ. ಬಣ್ಣ ಬಿಳಿದಿರಬೇಕು, ಸಾಧುವಾಗಿರಬೇಕು, ಹಾಲು ಹೆಚ್ಚು ಕೊಡಬೇಕು. ಈ ಪಟ್ಟಿಯ ಕೊನೆಗೆ, ಆ ಹಸು ಇರಲೂ ಬೇಕು ಎಂದು ಸೇರಿಸಿದರೆ ಸಂತೆಯಲ್ಲಿ ಹಸು ಹುಟ್ಟಿಬರುವುದಿಲ್ಲ. ಲಕ್ಷಣಗಳೆಲ್ಲ ಕೂಡಿದ ವಸ್ತುವು ನಿಜವಾಗಿ ಉಂಟೋ ಎಂಬುದನ್ನು ಪಟ್ಟಿಯ ಹೊರಗೇ ನೋಡಬೇಕು. ಕಾಂಟನು ಇದಕ್ಕೆ ಹಣದ ಉದಾಹರಣೆಯನ್ನು ಕೊಟ್ಟನು. ಮನಸ್ಸಿನಲ್ಲಿ ಎಣಿಸಿದ 100 ನಾಣ್ಯಗಳಿಗೂ ಚೀಲದಲ್ಲಿರುವ 100 ನಾಣ್ಯಗಳಿಗೂ ಲೆಕ್ಕದಲ್ಲಿ ಒಂದು ಕಾಸಿನ ವ್ಯತ್ಯಾಸವೂ ಇಲ್ಲ. ವ್ಯತ್ಯಾಸವು ಸಾಲ ತೀರಿಸುವಾಗ ಗೊತ್ತಾಗುತ್ತದೆ.

ಎರಡನೆಯದು ಕಾರಣಪರಂಪರೆಯ ಯುಕ್ತಿ. ಪ್ರತಿಯೊಂದಕ್ಕೂ ಕಾರಣವಿರುವುದರಿಂದ ಎಲ್ಲಕ್ಕೂ ಮೂಲವಾದ, ಅನಿವಾರ್ಯವಾಗಿ ಇರುವ ಒಂದು ವಸ್ತುವಿರಬೇಕೆಂದು ಅದು ವಾದಿಸುತ್ತದೆ. ಕಾರಣವೆಂಬ ವರ್ಗವು ಲೋಕದೊಳಗಿನ ಸಂಗತಿಗಳನ್ನು ಒಂದಕ್ಕೊಂದು ಹೆಣೆಯುವುದಕ್ಕಾಗಿ ಇರುವುದು. ಅದನ್ನೇ ಏಣಿ ಮಾಡಿಕೊಂಡು ಲೋಕದ ಆಚೆಗೆ ಏರಲು ಬರುವುದಿಲ್ಲವೆಂದು ಕಾಂಟನು ತೋರಿಸಿದನು. ಅಲ್ಲದೆ, ಆ ಅನಿವಾರ್ಯ ವಸ್ತುವೇ ಪರಿಪೂರ್ಣನಾದ ದೇವರೆನ್ನಲು ಈ ಯುಕ್ತಿಯು ಮತ್ತೆ ಮೊದಲನೆಯ ಯುಕ್ತಿಯ ಬಾಗಿಲಿಗೇ ಹೋಗಿ ನಿಲ್ಲಬೇಕಾಗುತ್ತದೆ. ಮೂರನೆಯದು ಸೃಷ್ಟಿಯ ರಚನಾಕೌಶಲವನ್ನು ಕಂಡು ಕರ್ತನನ್ನು ಊಹಿಸುವ ಯುಕ್ತಿ. ಇದರ ವಿಷಯದಲ್ಲಿ ಕಾಂಟನಿಗೆ ತುಂಬ ಗೌರವ. ಅತ್ಯಂತ ಹಳೆಯದೂ ಸಾಮಾನ್ಯ ಜನರ ಮನಸ್ಸಿಗೆ ಒಪ್ಪುವಂಥದೂ ಇದೇ ಎಂದು ಆತನು ಮನ್ನಿಸಿದನು. ತಾಯಿಯು ತೋರಿಸಿದ ಆಕಾಶವನ್ನು ಆತನು ಮರೆಯುವುದು ಹೇಗೆ? ಆದರೂ ಸತ್ಯಕ್ಕೆ ಸಡಿಲ ಬಿಡಲಿಲ್ಲ. ರಚನೆಯಿಂದ ಒಬ್ಬ ನಿಪುಣನಾದ ಶಿಲ್ಪಿಯನ್ನು ಊಹಿಸಬಹುದೇ ಹೊರತು, ಕಲ್ಲನ್ನೂ ತಾನೇ ಸೃಜಿಸಿದ, ಅನಂತಶಕ್ತಿಯ ಪರಮೇಶ್ವರನನ್ನು ಸಾಧಿಸಲಾಗದೆಂದು ಹೇಳಿದನು.

ಇಷ್ಟಕ್ಕೇ ನಿಲ್ಲಿಸಿದ್ದರೆ ಕಾಂಟನು ನಾಸ್ತಿಕರ ಗುಂಪಿಗೆ ಸೇರುತ್ತಿದ್ದನು. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ಆತನು ಅಷ್ಟೇ ನಿಷ್ಠುರವಾಗಿ ಪರೀಕ್ಷಿಸಿದನು. ದೇವರನ್ನು ಸಾಧಿಸಲಾರದ ತರ್ಕವು ದೇವರಿಲ್ಲವೆಂಬುದನ್ನೂ ಸಾಧಿಸಲಾರದು. ಇಲ್ಲವೆನ್ನುವವನೂ ತನ್ನ ಬುದ್ಧಿಯ ವರ್ಗಗಳನ್ನು ಲೋಕದ ಆಚೆಗೆ ಚಾಚಿಯೇ ಇಲ್ಲವೆನ್ನಬೇಕು. ಆದ್ದರಿಂದ ಆತನ ತಪ್ಪೂ ಅದೇ ತಪ್ಪು. ಹೀಗೆ ಸಾಧಿಸುವವನ ಹಮ್ಮನ್ನೂ ನಿರಾಕರಿಸುವವನ ಹಮ್ಮನ್ನೂ ಕಾಂಟನು ಒಂದೇ ಏಟಿಗೆ ಮುರಿದನು. 1787ರ ಎರಡನೆಯ ಮುದ್ರಣದ ಮುನ್ನುಡಿಯಲ್ಲಿ ತನ್ನ ಉದ್ದೇಶವನ್ನು ಬಿಚ್ಚಿ ಹೇಳಿದನು. ತಿಳಿದೆವೆಂಬ ಭ್ರಮೆಯನ್ನು ಹಿಂದಕ್ಕೆ ಸರಿಸಿ ಶ್ರದ್ಧೆಗೆ ಎಡೆ ಮಾಡುವುದೇ ಆ ಉದ್ದೇಶವಾಗಿತ್ತು.

ಹಾಗಾದರೆ ಶ್ರದ್ಧೆಗೆ ನೆಲೆಯೆಲ್ಲಿ? ಇದಕ್ಕೆ ಕಾಂಟನ ಉತ್ತರವು ಮುಖ್ಯವಾಗಿ 1788ರ ಇನ್ನೊಂದು ಗ್ರಂಥದಲ್ಲಿದೆ. ಮನುಷ್ಯನ ಅಂತರಂಗದಲ್ಲಿ ಒಂದು ಆಜ್ಞೆ ಕೇಳಿಸುತ್ತದೆ. ಲಾಭವಿರಲಿ ನಷ್ಟವಿರಲಿ ಸತ್ಯವನ್ನು ಬಿಡಬಾರದು, ಇನ್ನೊಬ್ಬನನ್ನು ಕೇವಲ ಉಪಕರಣವನ್ನಾಗಿ ಬಳಸಬಾರದು ಎಂಬ ಆಜ್ಞೆಯದು. ಅದನ್ನು ಯಾರೂ ಸಾಧಿಸಿ ತೋರಿಸಬೇಕಾಗಿಲ್ಲ. ತಪ್ಪು ಮಾಡಹೊರಟವನಿಗೂ ಅದು ಕೇಳಿಸುತ್ತದೆ. ಆದರೆ ಲೋಕದಲ್ಲಿ ಸಜ್ಜನನು ಬಡವನಾಗಿ ನರಳುವುದನ್ನೂ ದುರ್ಜನನು ಮೆರೆಯುವುದನ್ನೂ ಕಾಣುತ್ತೇವೆ. ಸದಾಚಾರವೂ ಸುಖವೂ ಕೊನೆಗೆ ಒಂದುಗೂಡುವುವೆಂಬ ಭರವಸೆಯಿಲ್ಲದಿದ್ದರೆ ಒಳ್ಳೆಯವನ ಪ್ರಯತ್ನಕ್ಕೆ ಅರ್ಥ ಪೂರ್ಣವಾಗದು. ಅವೆರಡನ್ನೂ ಕೂಡಿಸಬಲ್ಲ ದೇವರಿದ್ದಾನೆಂದು ಸದಾಚಾರಿಯು ನಂಬುತ್ತಾನೆ; ಆ ನಂಬಿಕೆಗೆ ಆತನಿಗೆ ಪೂರ್ಣವಾದ ಅಧಿಕಾರವಿದೆ. ಇದು ಶಾಸ್ತ್ರಜ್ಞಾನವಲ್ಲ, ನಡೆಯಿಂದ ಹುಟ್ಟಿದ ನಿಶ್ಚಯ. ಬಹುಮಾನದ ಆಸೆಯಿಂದ ಒಳ್ಳೆಯವನಾಗುವುದೂ ಇದಲ್ಲ. ಕರ್ತವ್ಯವು ಮೊದಲು, ನಂಬಿಕೆಯು ಅದರ ಹಿಂದೆ.

ಕಾಂಟನಿಗೆ ಲಾಂಪೆ ಎಂಬ ಸೇವಕನಿದ್ದನು. ಸೈನ್ಯದಲ್ಲಿ ದುಡಿದು ಬಂದ ಸಾಮಾನ್ಯ ಮನುಷ್ಯ. ಮೊದಲ ಗ್ರಂಥದಲ್ಲಿ ದೇವರನ್ನು ಕೆಡವಿದ ಕಾಂಟನು, ಈ ಮುದುಕನ ಅಳುಮುಖವನ್ನು ನೋಡಲಾರದೆ, ಕನಿಕರದಿಂದ ಎರಡನೆಯ ಗ್ರಂಥದಲ್ಲಿ ದೇವರನ್ನು ಮತ್ತೆ ಎತ್ತಿ ನಿಲ್ಲಿಸಿದನೆಂದು ಮುಂದೆ ಹೈನೆ ಎಂಬ ಕವಿಯು ಪರಿಹಾಸ ಮಾಡಿದನು. ಪರಿಹಾಸವು ರುಚಿಕರವಾಗಿದ್ದರೂ ನಿಜವಲ್ಲ. ನೀತಿಯ ಮೂಲಕ ದೇವರಲ್ಲಿ ನಂಬಿಕೆ ಎಂಬ ವಿಚಾರವು 1781ರ ಗ್ರಂಥದ ಕೊನೆಯ ಭಾಗದಲ್ಲಿಯೇ ಇದೆ. ಅಲ್ಲಿ ಕಾಂಟನು ಇನ್ನೂ ದೊಡ್ಡ ಮಾತೊಂದನ್ನು ಹೇಳಿದ್ದಾನೆ. ಎಲ್ಲ ಮನುಷ್ಯರಿಗೂ ಸಮಾನವಾಗಿ ಬೇಕಾದ ವಿಷಯದಲ್ಲಿ, ಅತ್ಯುನ್ನತವಾದ ತತ್ತ್ವಶಾಸ್ತ್ರವೂ ಸಾಮಾನ್ಯ ಬುದ್ಧಿಯವನಿಗಿಂತ ಮುಂದಕ್ಕೆ ಹೋಗಲಾರದೆಂಬುದು ಅದರ ತಾತ್ಪರ್ಯ. ದೇವರ ಅರಿವು ಯುಕ್ತಿಗಳಿಂದಲೇ ದೊರೆಯುವಂಥದಾಗಿದ್ದರೆ ಅದು ಪಂಡಿತರ ಸೊತ್ತಾಗುತ್ತಿತ್ತು. ಲಗಾಮು ಹೊಲಿಯುವವನಿಗೂ, ರೋಗಿಯ ಹಾಸಿಗೆಯ ಬಳಿ ಕುಳಿತ ಆ ತಾಯಿಗೂ ಅದರಲ್ಲಿ ಪಾಲು ಇರುತ್ತಿರಲಿಲ್ಲ. ತರ್ಕದ ಗಡಿಯನ್ನು ಗುರುತಿಸಿದುದರಿಂದ ಅವರಿಗೆ ಅವರ ಪಾಲು ಮರಳಿ ಬಂದಿತು.

ವಚನಗಳ ಪರಿಚಯವುಳ್ಳ ವಾಚಕರಿಗೆ ಇಲ್ಲಿ ನಮ್ಮ ಶರಣರ ನೆನಪಾಗುವುದು ಸಹಜ. ಒಣ ವಾದಕ್ಕಿಂತ ನಡೆಯು ಮೇಲೆಂಬ ಮಾತಿನಲ್ಲಿ ಸಾಮ್ಯವಿದೆ. ಆದರೆ ಇಲ್ಲದ ಸಾಮ್ಯವನ್ನು ಕಲ್ಪಿಸುವುದು ಇಬ್ಬರಿಗೂ ಅನ್ಯಾಯ. ಶರಣರು ಅನುಭಾವವನ್ನು ಪರಮಪ್ರಮಾಣವೆಂದು ಕೊಂಡರು. ಕಾಂಟನು ದೇವರ ಸಾಕ್ಷಾತ್ ದರ್ಶನವಾಯಿತೆಂಬ ಮಾತನ್ನು ಶಂಕಿಸಿದನು. ಆತ್ಮಗಳೊಡನೆ ಮಾತನಾಡಿದೆನೆಂದು ಹೇಳಿಕೊಂಡ ಸ್ವೀಡನ್ ದೇಶದ ಸ್ವೀಡನ್‌ಬೋರ್ಗನನ್ನು ಟೀಕಿಸಿ 1766ರಲ್ಲಿ ಒಂದು ಪುಸ್ತಕವನ್ನೇ ಬರೆದನು. ತರ್ಕದ ಬಾಗಿಲು ಮುಚ್ಚಿದಾಗ ಆತನಿಗೆ ತೆರೆದಿದ್ದುದು ಆಚಾರದ ಬಾಗಿಲೊಂದೇ. ಈ ವ್ಯತ್ಯಾಸವನ್ನು ಮರೆಯದೆ ಆತನನ್ನು ಗೌರವಿಸುವುದು ಲೇಸು.

ಬರೆದುದನ್ನು ಬಾಳಿನಲ್ಲಿ ನಿಲ್ಲಿಸುವ ಪರೀಕ್ಷೆಯೂ ಕಾಂಟನಿಗೆ ಒದಗಿತು. 1786ರಲ್ಲಿ ಪಟ್ಟವೇರಿದ ಎರಡನೆಯ ಫ್ರೆಡರಿಕ್ ವಿಲಿಯಮನ ಕಾಲದಲ್ಲಿ ಮತವಿಷಯದ ಬರಹಗಳ ಮೇಲೆ ಸರಕಾರದ ಕಣ್ಣು ತೀಕ್ಷ್ಣವಾಯಿತು. 1793ರಲ್ಲಿ ಕಾಂಟನು ಧರ್ಮವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿ, ಒಳ್ಳೆಯ ನಡತೆಯನ್ನು ಬಿಟ್ಟು ಬರಿಯ ಬಾಹ್ಯಾಚಾರದಿಂದ ದೇವರನ್ನು ಒಲಿಸಿಕೊಳ್ಳುವೆನೆಂಬುದು ಭ್ರಾಂತಿಯೆಂದು ಸಾರಿದನು. 1794ರ ಅಕ್ಟೋಬರ್ 1ರ ರಾಜಾಜ್ಞೆಯೊಂದು ಬಂದು, ಇನ್ನು ಮುಂದೆ ಇಂಥದನ್ನು ಬರೆದರೆ ಅಹಿತವಾದ ಕ್ರಮಕ್ಕೆ ಗುರಿಯಾಗಬೇಕಾದೀತೆಂದು ಎಚ್ಚರಿಸಿತು. ಆಗ ಕಾಂಟನಿಗೆ 70 ವರ್ಷ. ಆತನು ಬರೆದುದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮನಸ್ಸಿನ ನಿಶ್ಚಯವನ್ನು ಅಲ್ಲಗಳೆಯುವುದು ನೀಚತನ. ಆಡುವುದೆಲ್ಲ ನಿಜವಾಗಿರಬೇಕು, ಆದರೆ ನಿಜವನ್ನೆಲ್ಲ ಬಹಿರಂಗವಾಗಿ ಆಡಲೇಬೇಕೆಂಬ ಕಟ್ಟಿಲ್ಲವೆಂದು ಬಗೆದು, ಆ ಅರಸನ ಪ್ರಜೆಯಾಗಿ ಧರ್ಮದ ವಿಷಯದಲ್ಲಿ ಮೌನವಾಗಿರುವೆನೆಂದು ಮಾತುಕೊಟ್ಟನು. 1797ರಲ್ಲಿ ಅರಸನು ತೀರಿಕೊಂಡನು. ಮಾತು ಆ ಅರಸನಿಗೆ ಮಾತ್ರ ಸಂಬಂಧಿಸಿದುದೆಂದು ತಿಳಿದ ಕಾಂಟನು 1798ರಲ್ಲಿ ಮತ್ತೆ ಬರೆದನು. ಇದು ಜಾಣತನದ ಮಾತೆಂದು ಆಕ್ಷೇಪಿಸಿದವರುಂಟು. ಆ ಆಕ್ಷೇಪದಲ್ಲಿ ಸ್ವಲ್ಪ ಹುರುಳಿದೆಯೆಂದು ಒಪ್ಪಬೇಕು. ಮಹಾಪುರುಷರ ಜೀವನವನ್ನು ಹೇಳುವಾಗ ಕಲೆಗಳನ್ನು ಒರಸಿ ತೋರಿಸುವುದು ಭಕ್ತಿಯಲ್ಲ. ಒಡಹುಟ್ಟಿದವರಿಗೆ ಹಣದ ನೆರವನ್ನು ಕೊಟ್ಟರೂ ಅದೇ ಊರಿನಲ್ಲಿದ್ದ ಅಕ್ಕತಂಗಿಯರೊಡನೆ ಆತನು ಹೆಚ್ಚಿನ ಬಳಕೆ ಇಟ್ಟುಕೊಂಡಿರಲಿಲ್ಲವೆಂಬುದೂ ನಿಜವೇ.

ಕಾಂಟನು 1796ರಲ್ಲಿ ಉಪನ್ಯಾಸಗಳನ್ನು ನಿಲ್ಲಿಸಿದನು. ಬರಬರುತ್ತ ನೆನಪು ಕುಗ್ಗಿತು, ದೃಷ್ಟಿ ಮಂಕಾಯಿತು. ಲೋಕದ ಜ್ಞಾನವನ್ನೆಲ್ಲ ವಿಂಗಡಿಸಿದ ಆ ಬುದ್ಧಿಗೆ ನಿತ್ಯದ ಮಾತುಗಳೂ ಕೈತಪ್ಪತೊಡಗಿದವು. ಕೊನೆಯ ತಿಂಗಳುಗಳಲ್ಲಿ ತಂಗಿಯೊಬ್ಬಳು ಬಂದು ಆರೈಕೆ ಮಾಡಿದಳು. ಮರಣಕ್ಕೆ ಕೆಲವು ದಿನ ಮುಂಚೆ ವೈದ್ಯನು ನೋಡಬಂದಾಗ, ನಿಲ್ಲಲಾರದೆ ನಡುಗುತ್ತಿದ್ದರೂ ಕಾಂಟನು ಎದ್ದು ನಿಂತನು. ಅತಿಥಿಯು ಕುಳಿತುಕೊಳ್ಳುವವರೆಗೆ ತಾನು ಕುಳಿತುಕೊಳ್ಳಲಿಲ್ಲ. ಮಾನವೀಯತೆಯ ಭಾವವು ತನ್ನನ್ನು ಇನ್ನೂ ಬಿಟ್ಟುಹೋಗಿಲ್ಲವೆಂದು ಕಷ್ಟದಿಂದ ತಿಳಿಸಿದನು. ವೈದ್ಯನ ಕಣ್ಣು ಹನಿಗೂಡಿತೆಂದು ಹೇಳುತ್ತಾರೆ. ತರ್ಕವು ಕೈಬಿಟ್ಟ ಮೇಲೆಯೂ ನಡತೆಯು ಕೈಬಿಡಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ?

1804ನೆಯ ಇಸವಿ ಫೆಬ್ರವರಿ 12ರಂದು ಆತನು ದೇಹವನ್ನು ಬಿಟ್ಟನು. 80 ತುಂಬಲು ಎರಡು ತಿಂಗಳಿತ್ತು. 28ರಂದು ನಡೆದ ಅಂತ್ಯಯಾತ್ರೆಗೆ ಊರಿಗೆ ಊರೇ ನೆರೆಯಿತು. ಆ ಊರಿನ ಗತಿಯೂ ವಿಚಿತ್ರವಾದುದು. 1944ರ ವಿಮಾನದಾಳಿಯಲ್ಲಿ ಅದರ ಹಳೆಯ ಭಾಗವು ಸುಟ್ಟು ಬೂದಿಯಾಯಿತು. ಯುದ್ಧಾನಂತರ ಅದು ಸೋವಿಯತ್ ಆಳಿಕೆಗೆ ಸೇರಿ 1946ರಲ್ಲಿ ಕಲಿನಿನ್‌ಗ್ರಾಡ್ ಎಂದು ಹೆಸರು ಬದಲಾಯಿತು. ಇಂದು ಅದು ರಷ್ಯಕ್ಕೆ ಸೇರಿದೆ. ಪ್ರಧಾನ ದೇವಾಲಯವು ಹಾಳಾದರೂ ಅದರ ಗೋಡೆಗೆ ಹೊಂದಿಕೊಂಡ ಕಾಂಟನ ಸಮಾಧಿಯು ಉಳಿಯಿತು. 2024ರಲ್ಲಿ ಆತನು ಹುಟ್ಟಿ 300 ವರ್ಷಗಳು ತುಂಬಿದವು.

ಮೊದಲಿನ ಪ್ರಶ್ನೆಗೆ ಮರಳೋಣ. ಮಗನ ಪ್ರಶ್ನೆಗೆ ಉತ್ತರ ತೋಚದ ತಂದೆಯು ನಾಚಬೇಕಾದುದಿಲ್ಲ. ಬುದ್ಧಿಶಾಲಿಗಳಲ್ಲಿ ಬುದ್ಧಿಶಾಲಿಯಾದವನೂ ಆ ಉತ್ತರವನ್ನು ತರ್ಕದಲ್ಲಿ ಕಾಣಲಿಲ್ಲ. ಮಗನನ್ನು ಗದರಿಸಬೇಕಾದುದೂ ಇಲ್ಲ. ಪ್ರಶ್ನೆಯನ್ನು ಕೊನೆಯವರೆಗೆ ಬೆನ್ನಟ್ಟಿದರೆ ಇಲ್ಲವೆಂಬ ಮಾತೂ ತರ್ಕದ ಕೈಗೆ ಸಿಕ್ಕದೆಂಬುದು ಆತನಿಗೇ ತಿಳಿದುಬರುವುದು. ಆ ಮೇಲೆ ಉಳಿಯುವುದು ಒಂದೇ ಪ್ರಮಾಣ. ಪೂಜೆ ಮುಗಿಸಿ ಎದ್ದ ತಂದೆಯು ಅಂಗಡಿಯ ತಕ್ಕಡಿಯನ್ನು ಹೇಗೆ ಹಿಡಿಯುತ್ತಾನೆ, ಆಳನ್ನು ಹೇಗೆ ಮಾತನಾಡಿಸುತ್ತಾನೆ, ಎದುರುಪಕ್ಷದವನ ನ್ಯಾಯವನ್ನು ಹೇಗೆ ಎಣಿಸುತ್ತಾನೆ ಎಂಬುದನ್ನು ಮಗನು ದಿನವೂ ನೋಡುತ್ತಿರುತ್ತಾನೆ. ಲಗಾಮು ಹೊಲಿಯುವವನ ಮನೆಯಲ್ಲಿ ಬಾಲಕ ಕಾಂಟನು ನೋಡಿದುದೂ ಅದನ್ನೇ.